ದಾರಿಯಲ್ಲಿ ತಡೆದರೆ ಏನು ತೋರಿಸಬೇಕು, ಏನು ತೋರಿಸಬೇಕಿಲ್ಲ? ಹೋರಾಟದ ಕೇಸ್ ಇದ್ದರೆ ಪಾಸ್‌ಪೋರ್ಟ್ ಕಥೆ ಏನು?

ಬಾಗೇಪಲ್ಲಿ ಬಸ್‌ಸ್ಟ್ಯಾಂಡ್
ನಮ್ಮ ಮೂರು ಜಿಲ್ಲೆಯವರಿಗೆ ಬೆಂಗಳೂರಿಗೆ ಹೋಗಿಬರೋದು ದಿನದ ಕೆಲಸ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಚಿಕ್ಕಬಳ್ಳಾಪುರದ ಮೇಲೆ ಹೋಗಿ, 48ರಲ್ಲಿ ತುಮಕೂರಿಂದ ಹೋಗಿ, 75ರಲ್ಲಿ ಕೋಲಾರದಿಂದ ಹೋಗಿ, ಎಲ್ಲೋ ಒಂದು ಕಡೆ ಬ್ಯಾರಿಕೇಡ್ ಹಾಕಿರ್ತಾರೆ, ಗಾಡಿ ಪಕ್ಕಕ್ಕೆ ಹಾಕಿಸ್ತಾರೆ. ಮೊದಲು ಡಿಎಲ್, ಆರ್‌ಸಿ ಅಷ್ಟೇ ಕೇಳ್ತಿದ್ದರು. ಈಗ ಕೆಲವು ಕಡೆ "ಫೋನ್ ತೆಗೆದು ತೋರಿಸು" ಅನ್ನೋವರೆಗೂ ಬಂದಿದೆ. ಏರ್‌ಪೋರ್ಟ್ ಬಾಗಿಲಲ್ಲಿ ಮುಖ ಸ್ಕ್ಯಾನ್ ಮಾಡಿಸಿಕೊಂಡು ಒಳಗೆ ಬಾ ಅಂತಾರೆ.

ಇನ್ನೊಂದು ದೊಡ್ಡ ತೊಂದರೆ. ನೀರಾವರಿ ಹೋರಾಟದಲ್ಲಿ ರಸ್ತೆಗೆ ಕೂತ ರೈತರ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಮಗಳ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಪಾಸ್‌ಪೋರ್ಟಿಗೆ ಹಾಕಿದರೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಹಳೇ ರಸ್ತೆ ತಡೆ ಕೇಸ್ ಮೇಲೆ ಬರುತ್ತೆ.

ಬೈಯೋಕೆ ಈ ಪೋಸ್ಟ್ ಹಾಕಿಲ್ಲ. ಕಾನೂನಲ್ಲಿ ಏನಿದೆ, ಏನು ಮಾಡಬೇಕು ಅಂತ ಗೊತ್ತಿರೋರು ಬಿಡಿಸಿ ಬರೀರಿ.

ಸಿರಾ ಗೇಟ್
ತಪ್ಪು ಮಾಡದವರಿಗೆ ಏನ್ರೀ ಭಯ? ಕೇಳಿದ್ದು ತೋರಿಸಿ, ಎರಡು ನಿಮಿಷದಲ್ಲಿ ಮುಗಿಯುತ್ತೆ. ವಾದ ಮಾಡೋಕೆ ನಿಂತರೆ ಅರ್ಧ ಗಂಟೆ ಹೋಗುತ್ತೆ.

ಹಳೇ ಕೋರ್ಟ್ ರಸ್ತೆ
ಸಿರಾ ಗೇಟ್ ಅವರೇ, ಡಿಎಲ್ ತೋರಿಸೋಕೆ ಯಾರೂ ಬೇಡ ಅನ್ನಲ್ಲ. ಮೋಟಾರು ವಾಹನ ಕಾಯ್ದೆ 130ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರೋ ಪೊಲೀಸರು ಕೇಳಿದರೆ ತೋರಿಸಲೇಬೇಕು. ಮಫ್ತಿಯಲ್ಲಿ ನಿಂತು ಕೇಳಿದರೆ ಈ ಕಲಂ ಅನ್ವಯ ಆಗಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೂ ಸಾಕು. 2018ರ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ ತಿದ್ದುಪಡಿ ತಂದು ಎಲೆಕ್ಟ್ರಾನಿಕ್ ರೂಪವನ್ನೂ ಒಪ್ಪಿದ್ದಾರೆ. ಗ್ಯಾಲರಿಯಲ್ಲಿರೋ ಫೋಟೊ ಬೇರೆ, ಡಿಜಿಲಾಕರ್‌ನಲ್ಲಿರೋ ದಾಖಲೆ ಬೇರೆ. ಜಗಳ ಹುಟ್ಟೋದು ಇಲ್ಲೇ. ಫೋಟೊ ತೋರಿಸಿ "ಇದೂ ಡಿಜಿಟಲ್ಲೇ" ಅಂದರೆ ನಡೆಯಲ್ಲ.

ಕೀ ಕಿತ್ತುಕೊಳ್ಳೋಕೆ ಕಾಯ್ದೆಯಲ್ಲಿ ಎಲ್ಲೂ ಅಧಿಕಾರ ಕೊಟ್ಟಿಲ್ಲ. ಗಾಡಿ ಹಿಡಿದಿಡೋಕೆ 207ನೇ ಕಲಂ ಇದೆ. ಅದು ಡಿಎಲ್ ಇಲ್ಲದೆ ಅಥವಾ ವಯಸ್ಸಾಗದೆ ಓಡಿಸಿದರೆ, ರಿಜಿಸ್ಟ್ರೇಶನ್ ಇಲ್ಲದಿದ್ದರೆ, ಪರ್ಮಿಟ್ ಇಲ್ಲದಿದ್ದರೆ ಮಾತ್ರ. ಹೆಲ್ಮೆಟ್ ಇಲ್ಲ, ಇನ್ಶೂರೆನ್ಸ್ ಮುಗಿದಿದೆ ಅನ್ನೋದು 207ರ ಪಟ್ಟಿಯಲ್ಲಿಲ್ಲ. ಅದಕ್ಕೆ ದಂಡ ಬೀಳುತ್ತೆ, ಕಟ್ಟಬೇಕು. ಆದರೆ ಆ ಕಾರಣಕ್ಕೆ 207 ಹಾಕಿ ಗಾಡಿ ಸ್ಟೇಷನ್ನಿಗೆ ಒಯ್ಯೋಕೆ ಬರಲ್ಲ.

ಶಿಡ್ಲಘಟ್ಟ ಗೂಡು
ಡಿಎಲ್ ಇಟ್ಕೊಂಡು "ನಾಳೆ ಸ್ಟೇಷನ್ನಿಗೆ ಬಾ" ಅಂತಾರಲ್ಲ, ಅದು ಸರಿನಾ ಸರ್?

ಹಳೇ ಕೋರ್ಟ್ ರಸ್ತೆ
206ನೇ ಕಲಂನಲ್ಲಿ ಡಿಎಲ್ ವಶಪಡಿಸಿಕೊಳ್ಳಬಹುದು. ಆದರೆ ಅದೇ ಕಲಂ ಹೇಳುತ್ತೆ, ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಲೇಬೇಕು ಅಂತ. ಡಿಎಲ್ ವಾಪಸ್ ಬರೋವರೆಗೆ ಅಥವಾ ಚೀಟಿಯಲ್ಲಿ ಬರೆದ ದಿನಾಂಕದವರೆಗೆ ಆ ಚೀಟಿಯೇ ನಿಮ್ಮ ಡಿಎಲ್. ಅದನ್ನು ಇಟ್ಟುಕೊಂಡು ಗಾಡಿ ಓಡಿಸಬಹುದು. ಚೀಟಿ ಕೊಡದೆ ಜೇಬಿಗೆ ಹಾಕಿಕೊಂಡರೆ ಅದು ವಶಪಡಿಸಿಕೊಂಡ ಹಾಗಲ್ಲ. "ಸ್ವೀಕೃತಿ ಕೊಡಿ ಸರ್" ಅಂತ ಮೆತ್ತಗೆ ಕೇಳಿ. ದನಿ ಏರಿಸಬೇಡಿ. ಮುಕ್ಕಾಲು ಪಾಲು ಅಲ್ಲೇ ಡಿಎಲ್ ವಾಪಸ್ ಬರುತ್ತೆ.

ನಂದಿ ತಪ್ಪಲು
2022ರ ಜೂನ್‌ನಲ್ಲಿ ರಾಜ್ಯದ ಡಿಜಿಪಿಯವರೇ ಹೇಳಿದ್ದರಲ್ಲ, ದಾಖಲೆ ನೋಡೋಕೆ ಅಂತಲೇ ಗಾಡಿ ನಿಲ್ಲಿಸಬೇಡಿ, ಕಣ್ಣಿಗೆ ಕಾಣೋ ಉಲ್ಲಂಘನೆ ಇದ್ದರೆ ಮಾತ್ರ ನಿಲ್ಲಿಸಿ ಅಂತ. ಅದರ ಮೇಲೆ ನಿಲ್ಲಿಸೋದೇ ತಪ್ಪಲ್ವಾ?

ಹಳೇ ಕೋರ್ಟ್ ರಸ್ತೆ
ಅದು ಇಲಾಖೆಯ ಒಳಗಿನ ಸೂಚನೆ, ಕಾನೂನಲ್ಲ. ಕುಡಿದು ಓಡಿಸೋರ ತಪಾಸಣೆಯನ್ನು ಆಗಲೂ ಹೊರಗಿಟ್ಟಿದ್ದರು. ಆ ಸೂಚನೆ ಹಿಡಿದು ಮೇಲಧಿಕಾರಿಗೆ ದೂರು ಕೊಡಬಹುದು. "ಅದಕ್ಕೇ ಡಿಎಲ್ ತೋರಿಸಲ್ಲ" ಅಂತ ರಸ್ತೆಯಲ್ಲಿ ಹೇಳೋಕೆ ಆಗಲ್ಲ, 130 ಹಾಗೇ ಇದೆ.

ಮುಳಬಾಗಿಲು ದೋಸೆ
ಕುಡಿದು ಓಡಿಸೋ ತಪಾಸಣೆ ಬಗ್ಗೆ ಒಂದು ಮಾತು. ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲ 10,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಊದೋಕೆ ಮೊದಲು ಹೊಸ ಕೊಳವೆ ಹಾಕಿಸಿ. ಯಂತ್ರದ ಚೀಟಿಯಲ್ಲಿ ಸಮಯ, ಗಾಡಿ ನಂಬರ್ ಸರಿ ಇದೆಯಾ ನೋಡಿಯೇ ಸಹಿ ಹಾಕಿ. ಇದರಲ್ಲಿ ಪೊಲೀಸರ ಪರವೇ ನನ್ನ ಓಟು. ನಮ್ಮ 75ರಲ್ಲಿ ರಾತ್ರಿ ಹೊತ್ತು ಟೊಮೆಟೊ ಲಾರಿಗಳ ನಡುವೆ ಕುಡಿದವರು ಬಂದರೆ ಏನಾಗುತ್ತೆ ಅಂತ ಕೋಲಾರದವರಿಗೆ ಹೇಳಬೇಕಿಲ್ಲ.

ಶ್ರೀನಿವಾಸಪುರ ಮಾವು
ಲಾರಿ ಅಂದಮೇಲೆ ಇದನ್ನೂ ಬರೆದುಬಿಡ್ತೀನಿ. ತಾಜಾ ಹಣ್ಣು ತರಕಾರಿಗೆ ಇ-ವೇ ಬಿಲ್ ಬೇಕಿಲ್ಲ, ಅದು ವಿನಾಯಿತಿ ಪಟ್ಟಿಯಲ್ಲೇ ಇದೆ. ಬೆಲೆ 50,000 ದಾಟಿದರೂ ಬೇಕಿಲ್ಲ. ಮಾವಿನ ಪಲ್ಪ್ ಡಬ್ಬಿಯಲ್ಲಿ ಹೋದರೆ ಬೇಕು, ಅದು ತಾಜಾ ಹಣ್ಣಲ್ಲ. ಸರಕಿನ ಜಿಎಸ್‌ಟಿ ಕಾಗದ ಪರಿಶೀಲಿಸೋ ಅಧಿಕಾರ ಜಿಎಸ್‌ಟಿ ಇಲಾಖೆಯ ಅಧಿಕಾರಿಗೆ ಇದೆ, ಹೈವೇ ಗಸ್ತಿನವರಿಗಲ್ಲ. ಡ್ರೈವರ್‌ಗಳಿಗೆ ಇದು ಗೊತ್ತಿಲ್ಲದೆ ನೂರು ಇನ್ನೂರು ಕೈ ಬಿಟ್ಟು ಹೋಗ್ತಾರೆ.

ಬಾಗೇಪಲ್ಲಿ ಬಸ್‌ಸ್ಟ್ಯಾಂಡ್
ಫೋನ್ ವಿಷಯ ಯಾರಾದರೂ ಹೇಳಿ.

ಕ್ಯಾತ್ಸಂದ್ರ ತಟ್ಟೆಇಡ್ಲಿ
ಫೋನ್ ತೋರಿಸಬೇಕಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದೆ. ಆ ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ಪಾಸ್‌ವರ್ಡ್ ಕೇಳಿದರೆ ಸಂವಿಧಾನದ 20(3) ಹೇಳಿ, ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಲ್ಲ ಅಂತ. ಮುಗೀತು.

ಹಳೇ ಕೋರ್ಟ್ ರಸ್ತೆ
ಅಷ್ಟು ಸುಲಭಕ್ಕೆ ಮುಗಿಯಲ್ಲ, ಇಡ್ಲಿಯವರೇ. ಅರ್ಧ ಸರಿ ಹೇಳಿದ್ದೀರಿ, ಇನ್ನರ್ಧ ನಂಬಿಕೊಂಡು ಹೋದವರು ಪೇಚಿಗೆ ಸಿಕ್ಕಿಬೀಳ್ತಾರೆ.

2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಡ್ರಗ್ಸ್ ಕೇಸಿನಲ್ಲಿ ಇದನ್ನೇ ವಿಚಾರ ಮಾಡಿತು. ಫೋನಿನ ಒಳಗೆ ಹುಡುಕಬೇಕಾದರೆ ಮನೆ ಹುಡುಕೋದಕ್ಕೆ ಬೇಕಾದ ಹಾಗೆ ವಾರಂಟ್ ಬೇಕು ಅಂದಿತು. ತುರ್ತಿದ್ದರೆ ವಾರಂಟ್ ಇಲ್ಲದೆಯೂ ಹುಡುಕಬಹುದು, ಆದರೆ ಕಾರಣ ಬರವಣಿಗೆಯಲ್ಲಿ ಇರಬೇಕು. ಪಾಸ್‌ವರ್ಡ್ ಕೊಡೋದು 20(3)ಕ್ಕೆ ವಿರುದ್ಧ ಅಲ್ಲ ಅಂತಲೂ ಅದೇ ತೀರ್ಪು ಹೇಳಿದೆ. ಹಾಗಾಗಿ ಕೇಸ್ ದಾಖಲಾಗಿ ಕೋರ್ಟ್ ಆದೇಶ ಬಂದಮೇಲೆ 20(3) ಅಂತ ಕೂತರೆ ನಿಮಗೇ ತಿರುಗುಬಾಣ.

ರಸ್ತೆ ಬದಿಯ ಮಾತು ಬೇರೆ. ಅಲ್ಲಿ ಕೇಸಿಲ್ಲ, ಎಫ್‌ಐಆರ್ ಇಲ್ಲ, ತನಿಖೆಯೂ ಇಲ್ಲ. ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) 94ನೇ ಕಲಂನಲ್ಲಿ ಸಾಧನ ತಂದುಕೊಡಿ ಅಂತ ಕೇಳಬೇಕಾದರೆ ಠಾಣೆಯ ಉಸ್ತುವಾರಿ ಅಧಿಕಾರಿಯ ಲಿಖಿತ ಆದೇಶ ಬೇಕು. 185ರಲ್ಲಿ ವಾರಂಟ್ ಇಲ್ಲದೆ ಹುಡುಕಬೇಕಾದರೆ ಕಾರಣ ಮೊದಲೇ ಬರೆದಿಟ್ಟು, ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. 105ರ ಪ್ರಕಾರ ಹುಡುಕಾಟ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಬೇಕು. ಬ್ಯಾರಿಕೇಡ್ ಹತ್ತಿರ ಇದ್ಯಾವುದೂ ಇರಲ್ಲ. ಹಾಗಾಗಿ ಕೇಳಬೇಕಾದ ಮಾತು ಒಂದೇ: "ಯಾವ ಕೇಸಿನಲ್ಲಿ ಸರ್, ಆದೇಶ ಇದೆಯಾ?"

ಸಿರಾ ಗೇಟ್
ಹಂಗೆ ಕೇಳಿದರೆ ಸ್ಟೇಷನ್ನಿಗೆ ನಡಿ ಅಂತಾರೆ. ಓದೋಕೆ ಚೆನ್ನಾಗಿದೆ, ರಾತ್ರಿ 11ಕ್ಕೆ ನೆಲಮಂಗಲದ ಹತ್ತಿರ ಒಬ್ಬನೇ ಇದ್ದಾಗ ಆಗಲ್ಲ.

ಮಧುಗಿರಿ ಬೆಟ್ಟ
ಸಿರಾ ಗೇಟ್ ಹೇಳ್ತಿರೋದರಲ್ಲೂ ಸತ್ಯ ಇದೆ. ಹಾಗಾಗಿ ಮುಂಚೆಯೇ ಮಾಡಿಟ್ಟುಕೊಳ್ಳೋ ಕೆಲಸ ಕೆಲವಿವೆ. ಬೆರಳಚ್ಚು, ಮುಖದಿಂದ ಲಾಕ್ ತೆಗೆಯೋದನ್ನು ಪ್ರಯಾಣದಲ್ಲಿ ಆಫ್ ಮಾಡಿ, ಅಂಕಿಯ ಪಿನ್ ಇಡಿ. ಮುಖಕ್ಕೆ ಫೋನ್ ಹಿಡಿದು ತೆಗೆಯೋದು ಒಂದು ಸೆಕೆಂಡಿನ ಕೆಲಸ, ಪಿನ್ ನೀವಾಗಿ ಹೇಳಬೇಕು. ಡಿಜಿಲಾಕರ್ ತೋರಿಸೋಕೆ ಫೋನ್ ಕೈಗೆ ಕೊಡಬೇಡಿ. ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಪಿನ್ನಿಂಗ್ ಅಂತ ಇದೆ, ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಸಿಗುತ್ತೆ. ಅದನ್ನು ಹಾಕಿದರೆ ಆ ಒಂದೇ ಆಪ್ ಕಾಣುತ್ತೆ, ಬೇರೆ ಕಡೆ ಹೋಗೋಕೆ ಪಿನ್ ಬೇಕು. ಐಫೋನ್‌ನಲ್ಲಿ ಅದೇ ಕೆಲಸಕ್ಕೆ ಗೈಡೆಡ್ ಆಕ್ಸೆಸ್. ಇಲ್ಲಾಂದ್ರೆ ಡಿಎಲ್, ಆರ್‌ಸಿ ಕಾರ್ಡ್‌ನೇ ಗಾಡಿಯಲ್ಲಿಡಿ, ಫೋನ್ ಹೊರಗೆ ತೆಗೆಯೋ ಪ್ರಮೇಯವೇ ಬರಲ್ಲ.

ಚಿಂತಾಮಣಿ ಅಕ್ಕ
ಹೆಣ್ಣುಮಕ್ಕಳಿಗೆ ಇದನ್ನು ಸೇರಿಸಿ. ಸೂರ್ಯ ಮುಳುಗಿದ ಮೇಲೆ, ಹುಟ್ಟೋಕೆ ಮುಂಚೆ ಹೆಣ್ಣುಮಕ್ಕಳನ್ನು ಬಂಧಿಸೋ ಹಾಗಿಲ್ಲ. ತೀರಾ ಅಸಾಧಾರಣ ಸಂದರ್ಭ ಆದರೆ ಮಹಿಳಾ ಅಧಿಕಾರಿ ಬಂದು, ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಬಿಎನ್‌ಎಸ್‌ಎಸ್ 43(5). ಸಾಕ್ಷಿ ಹೇಳೋಕೆ ಅಂತ ಹೆಂಗಸರನ್ನು, 15ರ ಕೆಳಗಿನ ಮಕ್ಕಳನ್ನು, 60 ದಾಟಿದವರನ್ನು ಠಾಣೆಗೆ ಕರೆಸೋ ಹಾಗೂ ಇಲ್ಲ, ಅವರಿರೋ ಕಡೆಗೇ ಬರಬೇಕು. ಅದು 179.

ರೈಲಲ್ಲೂ ಹೀಗೇ ಒಂದು ರಕ್ಷಣೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಟಿಕೆಟ್ ಇಲ್ಲ ಅಂತ ಟಿಸಿ ಕೆಳಗಿಳಿಸಬಹುದು. ಆದರೆ ಜೊತೆಗೆ ಗಂಡಸರಿಲ್ಲದ ಹೆಂಗಸು ಅಥವಾ ಮಗು ಆದರೆ ಹತ್ತಿದ ನಿಲ್ದಾಣ, ಜಂಕ್ಷನ್, ಕೊನೇ ನಿಲ್ದಾಣ ಇಲ್ಲವೇ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲೇ ಇಳಿಸಬೇಕು, ಅದೂ ಹಗಲು ಹೊತ್ತಲ್ಲಿ ಮಾತ್ರ. ರೈಲ್ವೆ ಕಾಯ್ದೆ 139. ಅಂದರೆ ರಾತ್ರಿ ಹೊತ್ತು ನಿಟ್ಟೂರಲ್ಲೋ ಹಿರೇಹಳ್ಳಿಯಲ್ಲೋ ಇಳಿಸೋ ಹಾಗಿಲ್ಲ.

ಬಂಗಾರಪೇಟೆ ಪಾಸ್
ಅಕ್ಕ ಹೇಳಿದ್ದು ನೂರಕ್ಕೆ ನೂರು. ರೈಲು ಅಂದ್ರಲ್ಲ, ಆನ್‌ಲೈನ್ ತತ್ಕಾಲ್‌ಗೆ ಈಗ ಆಧಾರ್ ಇಲ್ಲದೆ ದಾರಿಯೇ ಇಲ್ಲ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಆಧಾರ್ ಜೋಡಿಸಿದ ಖಾತೆಗೆ ಮಾತ್ರ, 15ರಿಂದ ಓಟಿಪಿಯೂ ಬೇಕು. ದಲ್ಲಾಳಿಗಳ ಕಾಟಕ್ಕೆ ಮದ್ದು ಅಂತಾರೆ. ಆದರೆ ಓಟಿಪಿ ಹೋಗೋದು ಆಧಾರಿಗೆ ಜೋಡಿಸಿದ ನಂಬರಿಗೆ, ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಆ ಸಿಮ್ ಬಿಟ್ಟು ಕಾಲವಾಗಿದೆ. ಊರಿಗೆ ಹೊರಡೋ ಹಿಂದಿನ ದಿನ ಗೊತ್ತಾಗುತ್ತೆ. ಈಗಲೇ ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಿ.

ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ ನೀವು ಹತ್ತದೇ ಇದ್ದರೆ ಪೂರ್ತಿ ದುಡ್ಡು ವಾಪಸ್ ಬರುತ್ತೆ, ತತ್ಕಾಲ್ ಆದರೂ ಬರುತ್ತೆ. ಆದರೆ ಆ ರೈಲು ನಿಮ್ಮ ನಿಲ್ದಾಣ ಬಿಡೋ ಮುಂಚೆ ಟಿಡಿಆರ್ (ದುಡ್ಡು ವಾಪಸ್ ಕೇಳೋ ಅರ್ಜಿ) ಹಾಕಿರಬೇಕು. ಬಿಟ್ಟಮೇಲೆ ಹಾಕಿದರೆ ಬರಲ್ಲ.

ಗೌರಿಬಿದನೂರು ಕ್ರಾಸ್
ಬಸ್ಸಿನದೂ ಹೇಳಿ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಆದರೂ ಹಿಂದೂಪುರಕ್ಕೆ ಹೋಗೋ ಬಸ್‌ನಲ್ಲಿ ದಿನಾ ಜಗಳ.

ಚಿಂತಾಮಣಿ ಅಕ್ಕ
ಅಂತರರಾಜ್ಯ ಬಸ್ಸಿಗೆ ಇಲ್ಲ ಕಣಮ್ಮ. ನಮ್ಮ ಗಡಿ ತಾಲ್ಲೂಕಿನವರಿಗೆ ಇದರಿಂದ ಅನ್ಯಾಯ ಆಗ್ತಿದೆ, ಒಪ್ತೀನಿ. ಕರ್ನಾಟಕದೊಳಗಿನ ಬಸ್ಸಿಗೆ ಕರ್ನಾಟಕದ ವಿಳಾಸ ಇರೋ ಸರ್ಕಾರಿ ಗುರುತಿನ ಚೀಟಿ ತೋರಿಸಬೇಕು, ಆಧಾರೇ ಆಗಬೇಕು ಅಂತಿಲ್ಲ. ವೋಟರ್ ಐಡಿ ತೋರಿಸಿ.

ನಂದಿ ತಪ್ಪಲು
ಏರ್‌ಪೋರ್ಟ್ ವಿಷಯಕ್ಕೆ ನಾನು ಬರೀತೀನಿ. ದೇವನಹಳ್ಳಿಯಲ್ಲಿ ಮುಖ ಸ್ಕ್ಯಾನ್ ಮಾಡಿ ಒಳಗೆ ಬಿಡೋ ಡಿಜಿ ಯಾತ್ರಾ ಶುರುವಾಗಿದ್ದು 2022ರ ಡಿಸೆಂಬರ್ 1ರಂದು, ದೆಹಲಿ, ವಾರಾಣಸಿ ಜೊತೆಗೆ. ಅದು ಕಡ್ಡಾಯ ಅಲ್ಲ, ಸರ್ಕಾರವೇ ಮತ್ತೆ ಮತ್ತೆ ಹೇಳಿದೆ. ನಡೆಸೋದು ಸರ್ಕಾರಿ ಇಲಾಖೆಯಲ್ಲ, ಲಾಭರಹಿತ ಕಂಪನಿ. ಅದರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು 26%, ಉಳಿದದ್ದು ಖಾಸಗಿ ವಿಮಾನ ನಿಲ್ದಾಣಗಳದ್ದು. ಮುಖದ ಮಾಹಿತಿ ಫೋನಲ್ಲೇ ಇರುತ್ತೆ, ನಿಲ್ದಾಣಕ್ಕೆ ಹೋದದ್ದು ವಿಮಾನ ಹೊರಟ 24 ಗಂಟೆಯಲ್ಲಿ ಅಳಿಸಿಹೋಗುತ್ತೆ ಅನ್ನೋದು ಅವರ ಮಾತು.

ಬಾಗಿಲಲ್ಲಿ ಸಾಲು ಎರಡು ಇರುತ್ತೆ. ಡಿಜಿ ಯಾತ್ರಾ ಸಾಲು ಖಾಲಿ ಕಾಣುತ್ತೆ, ಸಿಬ್ಬಂದಿ ಆ ಕಡೆ ಕೈ ತೋರಿಸ್ತಾರೆ. ಆಪ್ ಹಾಕಿಕೊಂಡಿಲ್ಲ, ಗುರುತಿನ ಚೀಟಿ ತೋರಿಸ್ತೀನಿ ಅಂದರೆ ಸಾಕು, ಮಾಮೂಲಿ ಸಾಲಿನಲ್ಲಿ ಬಿಡಲೇಬೇಕು. ವೋಟರ್ ಐಡಿ, ಡಿಎಲ್, ಪಾಸ್‌ಪೋರ್ಟ್ ಯಾವುದಾದರೂ ನಡೆಯುತ್ತೆ. ಹಬ್ಬದ ಸಮಯದಲ್ಲಿ ಇನ್ನೊಂದು 20 ನಿಮಿಷ ಹೆಚ್ಚಿಗೆ ಇಟ್ಟುಕೊಂಡು ಚಿಕ್ಕಬಳ್ಳಾಪುರ ಬಿಡಿ.

ಕ್ಯಾತ್ಸಂದ್ರ ತಟ್ಟೆಇಡ್ಲಿ
ಲಾಡ್ಜ್‌ನಲ್ಲೂ ಆಧಾರ್ ಜೆರಾಕ್ಸ್ ಕೇಳ್ತಾರೆ. ಮಾಸ್ಕ್ಡ್ ಆಧಾರ್ ಕೊಡಿ, ಕೊನೇ 4 ಅಂಕಿ ಮಾತ್ರ ಕಾಣುತ್ತೆ, ಯುಐಡಿಎಐ ಜಾಲತಾಣದಲ್ಲೇ ಡೌನ್‌ಲೋಡ್ ಆಗುತ್ತೆ. ಜೆರಾಕ್ಸ್ ಮೇಲೆ ಅಡ್ಡಲಾಗಿ ದಿನಾಂಕ, ಲಾಡ್ಜ್ ಹೆಸರು, "ಇದಕ್ಕೆ ಮಾತ್ರ" ಅಂತ ಬರೆದು ಸಹಿ ಹಾಕಿ. ಅಕ್ಷರ ಫೋಟೊ ಮೇಲೂ ಹಾಯ್ದು ಹೋಗಬೇಕು, ಇಲ್ಲಾಂದ್ರೆ ಮುಚ್ಚಿ ಇನ್ನೊಂದು ಜೆರಾಕ್ಸ್ ತೆಗೆದುಬಿಡ್ತಾರೆ.

ಸಿರಾ ಗೇಟ್
ಮುಖ, ಫೋನ್ ಅಂತ ಹೆದರೋರು ಫಾಸ್ಟ್ಯಾಗ್ ಮಾತ್ರ ಅಂಟಿಸಿಕೊಂಡಿದ್ದೀರಿ. ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿದಿರಿ ಅಂತ ಅದರಲ್ಲೇ ಇದೆಯಲ್ಲ.

ಮಧುಗಿರಿ ಬೆಟ್ಟ
ಸರಿಯಾದ ಮಾತು. ಆದರೆ ಬಿಟ್ಟರೆ ಜೇಬಿಗೆ ಕತ್ತರಿ: 2025ರ ನವೆಂಬರ್ 15ರ ನಿಯಮದಲ್ಲಿ ಫಾಸ್ಟ್ಯಾಗ್ ಇಲ್ಲದೆ ನಗದು ಕೊಟ್ಟರೆ ಎರಡರಷ್ಟು, ಯುಪಿಐ ಆದರೆ 1.25ರಷ್ಟು. ಟೋಲ್‌ನಿಂದ 20 ಕಿ.ಮೀ. ಒಳಗಿರೋ ಸ್ವಂತ ಕಾರಿನವರು ಸ್ಥಳೀಯ ಮಾಸಿಕ ಪಾಸ್ ಕೇಳಿ. ವಿಳಾಸದ ದಾಖಲೆ ತಗೊಂಡು ಟೋಲ್ ಕಚೇರಿಗೆ ಹೋಗಬೇಕು, ಕ್ಯಾಬಿನ್‌ನಲ್ಲಿ ಕೂತಿರೋ ಹುಡುಗರಿಗೆ ಅದರ ಗಂಧವೂ ಇರಲ್ಲ. ದೂರ ಓಡಾಡೋರಿಗೆ 2025ರಲ್ಲಿ 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸ್ ಇದೆ, 200 ಟ್ರಿಪ್ ಇಲ್ಲ ಒಂದು ವರ್ಷ. ಹಳದಿ ಬೋರ್ಡಿಗೆ ಸಿಗಲ್ಲ.

ಗುಬ್ಬಿ ತೆಂಗು
ಮೂಲ ಪ್ರಶ್ನೆ ಪಾಸ್‌ಪೋರ್ಟಿಂದು, ಎಲ್ಲರೂ ಟೋಲ್‌ಗೆ ಹೋದ್ರಿ. ಹೇಮಾವತಿ ಲಿಂಕ್ ಕೆನಾಲ್ ವಿರೋಧಿಸಿದ ನಮ್ಮ ಕಡೆಯವರ ಮೇಲೂ ಕೇಸ್ ಆಗಿವೆ. ಎಫ್‌ಐಆರ್‌ನಲ್ಲಿ ಹೆಸರಿದ್ದರೆ ಪಾಸ್‌ಪೋರ್ಟ್ ಸಿಗೋದೇ ಇಲ್ಲ ಅಂತಾರೆ, ನಿಜಾನಾ?

ಹಳೇ ಕೋರ್ಟ್ ರಸ್ತೆ
ನಿಜ ಅಲ್ಲ. ಇದನ್ನು ನಿಧಾನವಾಗಿ ಬರೀತೀನಿ, ಈ ಮೂರು ಜಿಲ್ಲೆಯಲ್ಲಿ ಇದರಿಂದ ಕಷ್ಟ ಪಡ್ತಿರೋರು ಬಹಳ ಜನ.

ಹೊರದೇಶಕ್ಕೆ ಹೋಗೋದು 21ನೇ ವಿಧಿಯ ಹಕ್ಕು, 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಇದು ಗಟ್ಟಿಯಾಯಿತು. ಪಾಸ್‌ಪೋರ್ಟ್ ಕಾಯ್ದೆ 1967ರ 6(2)(ಎಫ್) ಹೇಳೋದು, ಕ್ರಿಮಿನಲ್ ಕೋರ್ಟಿನಲ್ಲಿ ಪ್ರಕರಣ ಬಾಕಿ ಇದ್ದರೆ ನಿರಾಕರಿಸಬೇಕು ಅಂತ. ಕೋರ್ಟಿನಲ್ಲಿ ಅನ್ನೋದನ್ನು ಗಮನಿಸಿ. ಬರೀ ಎಫ್‌ಐಆರ್ ಆಗಿ ತನಿಖೆ ನಡೀತಿದ್ದರೆ ಅದು ಕೋರ್ಟಿನಲ್ಲಿ ಬಾಕಿ ಇದ್ದ ಹಾಗಲ್ಲ. ಚಾರ್ಜ್‌ಶೀಟ್ ಹೋಗಿ ಮ್ಯಾಜಿಸ್ಟ್ರೇಟರು ಕಾಗ್ನಿಜೆನ್ಸ್ ತಗೊಂಡ (ಪ್ರಕರಣವನ್ನು ಪರಿಗಣನೆಗೆ ತಗೊಂಡ) ಮೇಲೆ ಬಾಕಿ.

ಈಗ ಕೋರ್ಟಿನಲ್ಲಿ ಬಾಕಿ ಇದೆ ಅಂತಿಟ್ಟುಕೊಳ್ಳಿ. ಆಗಲೂ ಬಾಗಿಲು ಮುಚ್ಚಿಲ್ಲ. 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆ ಇದೆ, ಜಿಎಸ್‌ಆರ್ 570(ಇ). ಕೇಸ್ ನಡೀತಿರೋ ಕೋರ್ಟು ಹೊರಡೋಕೆ ಅನುಮತಿ ಕೊಟ್ಟರೆ ಪಾಸ್‌ಪೋರ್ಟ್ ಕೊಡಬೇಕು. ಆದೇಶದಲ್ಲಿ ಎಷ್ಟು ಅವಧಿ ಬರೆದಿದೆಯೋ ಅಷ್ಟಕ್ಕೆ ಕೊಡ್ತಾರೆ. ಅವಧಿಯನ್ನೇ ಬರೆಯದಿದ್ದರೆ ಒಂದು ವರ್ಷಕ್ಕೆ ಮಾತ್ರ. ಎಡವೋದು ಇಲ್ಲೇ. ವಕೀಲರು "ಅನುಮತಿ ಕೊಡಿ" ಅಂತಷ್ಟೇ ಅರ್ಜಿ ಹಾಕ್ತಾರೆ, ಕೋರ್ಟು "ಅನುಮತಿ ಕೊಟ್ಟಿದೆ" ಅಂತ ಒಂದು ಸಾಲು ಬರೆಯುತ್ತೆ, ಒಂದೇ ವರ್ಷದ ಪಾಸ್‌ಪೋರ್ಟ್ ಬರುತ್ತೆ. ಹಲವು ದೇಶಗಳ ವೀಸಾಕ್ಕೆ ಪಾಸ್‌ಪೋರ್ಟಿನಲ್ಲಿ 6 ತಿಂಗಳಾದರೂ ಉಳಿದಿರಬೇಕು. ಅಂದರೆ ಕೈಗೆ ಬಂದ ವರ್ಷದಲ್ಲಿ ಅರ್ಧ ಹೋಯ್ತು. ಅದಕ್ಕೇ ಅರ್ಜಿಯಲ್ಲೇ "10 ವರ್ಷದ ಅವಧಿಗೆ ಪಾಸ್‌ಪೋರ್ಟ್ ನೀಡಲು ಅನುಮತಿ" ಅಂತ ವರ್ಷ ಕಾಣಿಸಿ ಕೇಳಬೇಕು. ಕೋರ್ಟು ಕಡಿಮೆ ಮಾಡಬಹುದು, ಆದರೆ ಏನಾದರೂ ಒಂದು ಅಂಕಿ ಆದೇಶದಲ್ಲಿ ಬೀಳಬೇಕು.

ಬಾಗೇಪಲ್ಲಿ ಬಸ್‌ಸ್ಟ್ಯಾಂಡ್
ಇದು ಯಾರೂ ಹೇಳಿರಲಿಲ್ಲ ಸರ್. ಕೇಸ್ ಇದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲದವರು ಏನು ಮಾಡಬೇಕು? ಆವತ್ತು ಸಾವಿರಾರು ಜನ ಇದ್ದರು.

ಹಳೇ ಕೋರ್ಟ್ ರಸ್ತೆ
ಆ ಎಫ್‌ಐಆರ್‌ಗಳನ್ನು ತೆಗೆದು ನೋಡಿ. ಆರೋಪಿಗಳ ಅಂಕಣದಲ್ಲಿ ನಾಲ್ಕೈದು ಮುಖಂಡರ ಹೆಸರು, ಕೊನೆಗೆ "ಮತ್ತು ಇತರರು" ಅಂತ ಇರುತ್ತೆ. ಆ "ಇತರರು" ಅನ್ನೋ ಒಂದು ಪದದೊಳಗೆ ಆಮೇಲೆ ಯಾರನ್ನು ಬೇಕಾದರೂ ತರಬಹುದು. ತನಿಖೆಯಲ್ಲಿ ಫೋಟೊ, ವಿಡಿಯೊ ನೋಡಿ ಚಾರ್ಜ್‌ಶೀಟಿನಲ್ಲಿ ಹೆಸರು ಸೇರಿಸ್ತಾರೆ. ಸಮನ್ಸ್ ಹಳೇ ವಿಳಾಸಕ್ಕೆ ಹೋಗಿ ವಾಪಸ್ ಬರುತ್ತೆ, ವಾರಂಟ್ ಆಗಿ ಕೂತಿರುತ್ತೆ. ಮನುಷ್ಯನಿಗೆ ಗೊತ್ತೇ ಇರಲ್ಲ.

ಹಾಗಾಗಿ ಪಾಸ್‌ಪೋರ್ಟಿಗೆ ಹಾಕೋ ಮೊದಲು ಇ-ಕೋರ್ಟ್ಸ್ ಆಪ್‌ನಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ ಪಕ್ಷಗಾರರ ಹೆಸರಲ್ಲಿ ಹುಡುಕಿ. ವರ್ಷ ಬದಲಿಸಿ ಬದಲಿಸಿ ನೋಡಬೇಕು, ಹೆಸರಿನ ಇಂಗ್ಲಿಷ್ ಕಾಗುಣಿತ ಮೂರ್ನಾಲ್ಕು ಥರ ಹಾಕಬೇಕು. ವೆಂಕಟೇಶಪ್ಪ ಅನ್ನೋ ಒಂದು ಹೆಸರನ್ನೇ ಎಷ್ಟು ಥರ ಬರೀತಾರೆ ಯೋಚಿಸಿ. ಎಫ್‌ಐಆರ್ ನಂಬರ್, ಠಾಣೆ ಗೊತ್ತಿದ್ದರೆ ಅದರಲ್ಲೇ ಹುಡುಕೋದು ಲೇಸು. ಸಿಕ್ಕರೆ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಆಮೇಲೆ ಎಲ್ಲ ಕಡೆ ಅದೇ ಬೇಕು.

ಮುಳಬಾಗಿಲು ದೋಸೆ
ಅರ್ಜಿಯಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದೆಯಾ ಅಂತ ಕೇಳೋ ಕಡೆ "ಇಲ್ಲ" ಅಂತ ಹಾಕಿಬಿಡಿ ಅಂತ ಸೈಬರ್ ಸೆಂಟರ್‌ನವರು ಹೇಳ್ತಾರೆ. ಖಂಡಿತ ಹಾಕಬೇಡಿ.

ಹಳೇ ಕೋರ್ಟ್ ರಸ್ತೆ
ಕೈ ಮುಗಿದು ಹೇಳ್ತೀನಿ, ಹಾಕಬೇಡಿ. ಮಾಹಿತಿ ಮುಚ್ಚಿಟ್ಟರೆ ಪಾಸ್‌ಪೋರ್ಟ್ ಕಾಯ್ದೆ 12(1)ರಲ್ಲಿ ಅದೇ ಬೇರೆ ಅಪರಾಧ, 2 ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಸಿಕ್ಕ ಪಾಸ್‌ಪೋರ್ಟನ್ನೂ 10(3)(ಬಿ)ಯಲ್ಲಿ ವಶಪಡಿಸಿಕೊಳ್ತಾರೆ. ರಸ್ತೆಗೆ ಕೂತ ಕೇಸಿನಲ್ಲಿ ಮಾನ ಹೋಗಲ್ಲ, ಸುಳ್ಳು ಹೇಳಿದ ಕೇಸಿನಲ್ಲಿ ಹೋಗುತ್ತೆ.

ಗುಬ್ಬಿ ತೆಂಗು
ಸರ್ಕಾರ ಬದಲಾದಾಗೆಲ್ಲ "ರೈತರ ಮೇಲಿನ ಕೇಸ್ ವಾಪಸ್" ಅಂತ ಘೋಷಣೆ ಆಗುತ್ತೆ. ಆ ಮೇಲೂ ಕೇಸ್ ಹಾಗೇ ಇರುತ್ತಲ್ಲ, ಯಾಕೆ?

ಮಧುಗಿರಿ ಬೆಟ್ಟ
ಸಂಪುಟ ತೀರ್ಮಾನ ಮಾಡಿದ ಮಾತ್ರಕ್ಕೆ ಕೇಸ್ ಬಿದ್ದುಹೋಗಲ್ಲ ಅಣ್ಣ. ಸರ್ಕಾರಿ ಅಭಿಯೋಜಕರು ತಮ್ಮ ಬುದ್ಧಿ ಓಡಿಸಿ ಕೋರ್ಟಿಗೆ ಅರ್ಜಿ ಹಾಕಬೇಕು, ಕೋರ್ಟ್ ಒಪ್ಪಬೇಕು. ಮೊದಲು ಸಿಆರ್‌ಪಿಸಿ 321, ಈಗ ಬಿಎನ್‌ಎಸ್‌ಎಸ್ 360. 2025ರ ಮೇ 29ರಂದು 43 ಕೇಸ್ ವಾಪಸ್ ಪಡೆಯೋ ಸರ್ಕಾರಿ ಆದೇಶವನ್ನೇ ಹೈಕೋರ್ಟ್ ರದ್ದು ಮಾಡಿದೆ. ಪಕ್ಷಗಳು ತಮಗೆ ಬೇಕಾದವರ ದೊಡ್ಡ ಕೇಸ್ ಜೊತೆಗೆ ರೈತರ ಸಣ್ಣ ಕೇಸ್ ಕಟ್ಟಿ ಕಳಿಸ್ತಾರೆ. ದೊಡ್ಡದು ಬಿದ್ದಾಗ ಸಣ್ಣದೂ ಕೊಚ್ಚಿಕೊಂಡು ಹೋಗುತ್ತೆ. ಯಾವ ಪಕ್ಷವೂ ಇದಕ್ಕೆ ಹೊರತಲ್ಲ.

ಶಿಡ್ಲಘಟ್ಟ ಗೂಡು
ಬೆಂಗಳೂರಿಗೆ ಹೋಗಿ ಪ್ರತಿಭಟನೆ ಮಾಡೋದೇ ಕಷ್ಟ ಮಾಡಿಟ್ಟಿದ್ದಾರೆ. 2021ರ ಆದೇಶದಲ್ಲಿ ಫ್ರೀಡಂ ಪಾರ್ಕ್ ಒಂದೇ ಜಾಗ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಸೆಂಟ್ರಲ್ ಜೈಲೇ ಈಗ ಫ್ರೀಡಂ ಪಾರ್ಕ್. 2016ರ ಮಾರ್ಚ್‌ನಲ್ಲಿ ಟ್ರಾಕ್ಟರ್ ಕಟ್ಟಿಕೊಂಡು ವಿಧಾನಸೌಧದ ಕಡೆ ಹೊರಟ ಹಾಗೆ ಈಗ ಹೊರಡೋಕೇ ಆಗಲ್ಲ.

ಸಿರಾ ಗೇಟ್
ಆವತ್ತು ಆಂಬುಲೆನ್ಸ್‌ನಲ್ಲಿ ಇದ್ದವರಿಗೆ ಹಕ್ಕಿರಲಿಲ್ವಾ? ಹಳ್ಳಿಯವರಿಗೆ ನೀರು ಬೇಕು, ಒಪ್ತೀನಿ. ದಾರಿ ಕಟ್ಟಿದರೆ ನೀರು ಬರುತ್ತಾ?

ಶಿಡ್ಲಘಟ್ಟ ಗೂಡು
ಆಂಬುಲೆನ್ಸ್‌ಗೆ ದಾರಿ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಗದೆ ಇದ್ದಿದ್ದರೆ ಎತ್ತಿನಹೊಳೆಯ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗೆ 2018ರಲ್ಲಿ ಬಂತು. ಅದನ್ನೂ ಎರಡನೇ ಹಂತಕ್ಕೇ ನಿಲ್ಲಿಸಬೇಡಿ, ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಇವತ್ತಿಗೂ ಕೇಳ್ತಿದ್ದೀವಿ.

ಬಂಗಾರಪೇಟೆ ಪಾಸ್
ನೀರಿನ ವಿಷಯಕ್ಕೆ ಬೇರೆ ಚರ್ಚೆ ತೆಗೀರಿ, ಇದು ತಪ್ಪಿಹೋಗುತ್ತೆ.

ಚಿಂತಾಮಣಿ ಅಕ್ಕ
144 ಹಾಕಿದ್ದಾಗ ಬಸ್‌ಸ್ಟ್ಯಾಂಡ್‌ನಲ್ಲಿ ನಾಲ್ಕು ಜನ ನಿಂತರೂ ಕೇಸಾ?

ಹಳೇ ಕೋರ್ಟ್ ರಸ್ತೆ
ಅಲ್ಲ ಅಕ್ಕ. ಈಗ ಅದು ಬಿಎನ್‌ಎಸ್‌ಎಸ್ 163, 2024ರ ಜುಲೈ 1ರಿಂದ. ಆದೇಶದಲ್ಲಿ ಏನು ನಿಷೇಧ ಅಂತ ಬರೆದಿದೆಯೋ ಅಷ್ಟೇ ನಿಷೇಧ. ಆದೇಶದ ಪ್ರತಿ ಓದದೆ ಏನೂ ಹೇಳೋಕೆ ಬರಲ್ಲ. ಕಾರಣ ಅದರಲ್ಲೇ ಇರಬೇಕು, 2 ತಿಂಗಳ ಮೇಲೆ ನಡೆಯಲ್ಲ, ಮುಂದುವರಿಸೋದಾದರೆ ರಾಜ್ಯ ಸರ್ಕಾರ ಮಾಡಬೇಕು. ರದ್ದು ಮಾಡಿ ಅಂತ ಹೊರಡಿಸಿದ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144 ಕಾನೂನುಬಾಹಿರ ಅಂತ 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಹೇಳಿದೆ.

ನಿಷೇಧಾಜ್ಞೆ ಮೀರಿದ ಕೇಸುಗಳಲ್ಲಿ ಇನ್ನೊಂದು ಸಡಿಲ ಗಂಟು ಇರುತ್ತೆ. ಐಪಿಸಿ 188, ಈಗ ಬಿಎನ್‌ಎಸ್ 223. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಕೋರ್ಟಿಗೆ ಲಿಖಿತ ದೂರು ಕೊಡದೆ ಕಾಗ್ನಿಜೆನ್ಸ್ ತಗೊಳ್ಳೋ ಹಾಗಿಲ್ಲ. ಠಾಣೆಯವರು ಎಫ್‌ಐಆರ್ ಹಾಕಿ ಚಾರ್ಜ್‌ಶೀಟ್ ಕಳಿಸಿದ ಎಷ್ಟೋ 188 ಕೇಸ್ ಇಲ್ಲೇ ಬಿದ್ದಿವೆ.

ಕಾಲಮಿತಿಯನ್ನೂ ನೋಡಿ. ಬರೀ ದಂಡದ ಅಪರಾಧಕ್ಕೆ 6 ತಿಂಗಳು, ಒಂದು ವರ್ಷದವರೆಗಿನ ಜೈಲಿನದಕ್ಕೆ ಒಂದು ವರ್ಷ, 3 ವರ್ಷದವರೆಗಿನದಕ್ಕೆ 3 ವರ್ಷ. ರಸ್ತೆ ತಡೆ ಐಪಿಸಿ 283 (ಈಗ ಬಿಎನ್‌ಎಸ್ 285) ಬರೀ ದಂಡದ್ದು. ಅಕ್ರಮ ಕೂಟದ 143ಕ್ಕೆ 6 ತಿಂಗಳ ಜೈಲು. ಇಷ್ಟೇ ಇದ್ದು ವರ್ಷ ಕಳೆದ ಮೇಲೆ ಕೇಸ್ ಹೂಡಿದ್ದರೆ ಬಿಎನ್‌ಎಸ್‌ಎಸ್ 528ರಲ್ಲಿ ಹೈಕೋರ್ಟಿಗೆ ಹೋಗಿ ರದ್ದು ಕೇಳಬಹುದು. 147 (ಗಲಭೆ) ಅಥವಾ 353 (ಸರ್ಕಾರಿ ನೌಕರರ ಕೆಲಸಕ್ಕೆ ಬಲಪ್ರಯೋಗದ ಅಡ್ಡಿ) ಸೇರಿಸಿದ್ದರೆ ಮಾತು ಬೇರೆ, ಅವೆರಡಕ್ಕೂ 2 ವರ್ಷದ ಜೈಲು ಇದೆ, ಮಿತಿ 3 ವರ್ಷಕ್ಕೆ ಹೋಗುತ್ತೆ. ಹಾಗಾಗಿ ಚಾರ್ಜ್‌ಶೀಟ್ ಕೈಗೆ ಬಂದ ಕೂಡಲೇ ಮೊದಲು ಕಲಂಗಳ ಸಾಲು, ಆಮೇಲೆ ಕೇಸ್ ಹೂಡಿದ ದಿನಾಂಕ ನೋಡಿ.

ಬಾಗೇಪಲ್ಲಿ ಬಸ್‌ಸ್ಟ್ಯಾಂಡ್
ತುಂಬ ಉಪಕಾರ ಸರ್. ಕೊನೆಯದು: ಬಾಣಂತನಕ್ಕೆ ಎರಡೇ ತಿಂಗಳಿದೆ ಅಂತಿಟ್ಟುಕೊಳ್ಳಿ. ಕೇಸ್ ರದ್ದು ಮಾಡಿಸೋದಾ, ಅನುಮತಿ ತಗೊಳ್ಳೋದಾ?

ಹಳೇ ಕೋರ್ಟ್ ರಸ್ತೆ
ಮೊದಲು ಅನುಮತಿ. ರದ್ದತಿ ಹೈಕೋರ್ಟಿನಲ್ಲಿ ಯಾವಾಗ ಬೋರ್ಡಿಗೆ ಬರುತ್ತೋ ಹೇಳೋಕಾಗಲ್ಲ. ತಾಲ್ಲೂಕು ಕೋರ್ಟಿನಲ್ಲಿ ವಾರಂಟ್ ಬಾಕಿ ಇದ್ದರೆ ಮೊದಲು ವಕೀಲರ ಜೊತೆ ಹಾಜರಾಗಿ ಅದನ್ನು ರೀಕಾಲ್ ಮಾಡಿಸಿ ಜಾಮೀನು ಪಡೆಯಿರಿ. ಅದೇ ದಿನ ಅನುಮತಿ ಅರ್ಜಿ ಹಾಕಿ. ಜೊತೆಗೆ ಮಗಳ ವೀಸಾ ಪ್ರತಿ, ಆಸ್ಪತ್ರೆಯ ಪತ್ರ, ಅಲ್ಲಿನ ವಿಳಾಸ, ವಾಪಸ್ ಬರೋ ದಿನಾಂಕ ಇಡಿ. ಅವಧಿ ಬರೆಸೋದು ಮರೀಬೇಡಿ. ಆದೇಶ ಆದ ಕೂಡಲೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಎರಡು ಪ್ರತಿ ತಗೊಳ್ಳಿ. ಒಂದು ಪಾಸ್‌ಪೋರ್ಟ್ ಕಚೇರಿಗೆ, ಇನ್ನೊಂದು ವೆರಿಫಿಕೇಶನ್‌ಗೆ ಬರೋ ಪೊಲೀಸರಿಗೆ ತೋರಿಸೋಕೆ. ಸಾಮಾನ್ಯ ಅರ್ಜಿಯ ಶುಲ್ಕ 1,500. ಇನ್ನೂ 2,000 ಕೊಟ್ಟು ತತ್ಕಾಲ್‌ಗೆ ಹಾಕೋ ಮೊದಲು ಆ ಆದೇಶ ಕೈಯಲ್ಲಿರಲಿ.

ಚಿಂತಾಮಣಿ ಅಕ್ಕ
ಗಂಡ ಹೆಂಡತಿ ಇಬ್ಬರ ಮೇಲೂ ಕೇಸ್ ಇದ್ದರೆ ಅರ್ಜಿ ಇಬ್ಬರಿಗೂ ಬೇರೆ ಬೇರೆ ಹಾಕಿಸಿ. ಕೇಸ್ ನಂಬರ್ ಒಂದೇ ಆದರೂ ಪಾಸ್‌ಪೋರ್ಟ್ ಕಚೇರಿಯವರು ಒಬ್ಬರ ಫೈಲಿನಲ್ಲಿರೋ ಆದೇಶವನ್ನು ಇನ್ನೊಬ್ಬರ ಫೈಲಿಗೆ ಹುಡುಕಿಕೊಂಡು ಹೋಗಲ್ಲ.